ಸೊಸೆ ಅಡುಗೆಮನೆಯಲ್ಲಿದ್ದಾಳೆ

ಆ ಮನೆಯಲ್ಲಿ ಅಜ್ಜಿ, ಮಗ, ಸೊಸೆ, ಮೊಮ್ಮಗಳು ಎಂದು ನಾಲ್ಕು ಜನ, ಒಂದೇ ಬ್ಯಾಂಕ್ ಕಾರ್ಡು. ಖಾತೆ ಸೊಸೆಯ ಹೆಸರಿನದು. ಅವಳ ಸಂಬಳ, ಅವಳ ಗಂಡನ ಸಂಬಳ ಎರಡೂ ಅದಕ್ಕೇ ಬೀಳುತ್ತಿದ್ದವು. ಕಾರ್ಡು ಮಾತ್ರ ಗಂಡನ ಅಂಗಿಯ ಜೇಬು ಬಿಟ್ಟು ಕದಲುತ್ತಿರಲಿಲ್ಲ. ಅವನು ಸಿಟಿ ಬಸ್ಸಿನ ಕಂಡಕ್ಟರ. ಇಪ್ಪತ್ತೆರಡು ವರ್ಷದಿಂದ ಊರಿನವರ ಕೈಯಿಂದೆಲ್ಲ ದುಡ್ಡು ಇಸಿದುಕೊಂಡು ಚಿಲ್ಲರೆ ಕೊಟ್ಟವನು ತಾನು, ದುಡ್ಡಿನ ವಿಷಯ ತನ್ನಷ್ಟು ಇನ್ನಾರಿಗೆ ತಿಳಿದೀತು ಎಂದು ಅವನ ಭಾವನೆ. ಮನೆಯಲ್ಲಿ ಯಾರೂ ಅದನ್ನು ಅಲ್ಲಗಳೆದಿರಲಿಲ್ಲ. ಅಲ್ಲಗಳೆಯುವಂಥ ಸಂದರ್ಭ ಬಂದಿರಲಿಲ್ಲ, ಅಷ್ಟೆ.

ಸೊಸೆ ಹಲ್ಲು ಮಾಡುವ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಹಲ್ಲಿನ ಡಾಕ್ಟರುಗಳು ಕಳಿಸುವ ಅಚ್ಚು ನೋಡಿ ಮೇಣದಲ್ಲಿ ಹಲ್ಲು ತಿದ್ದುವುದು, ಬಣ್ಣ ಕೂಡಿಸುವುದು, ಉಜ್ಜಿ ಹೊಳಪು ಕೊಡುವುದು. ಅತ್ತೆಯ ಬಾಯಲ್ಲಿದ್ದ ಮೇಲಿನ ಸಾಲು ಅವಳದೇ ಕೈಕೆಲಸ. ಆ ವರ್ಷ ಲ್ಯಾಬಿನ ಮಾಲೀಕರು ಕಂಪ್ಯೂಟರ್ ಹೇಳಿದಂತೆ ತಾನೇ ಹಲ್ಲು ಕೊರೆಯುವ ಯಂತ್ರಕ್ಕೆ ಮುಂಗಡ ಕೊಟ್ಟರು. ಯಂತ್ರ ಮಾಡುವವರ ದೇಶಕ್ಕೆ ಹೋಗಿ ನಾಲ್ಕು ವಾರ ಕಲಿತು, ಸರ್ಟಿಫಿಕೇಟು ತಂದವರಿಗೆ ಯಂತ್ರದ ಕೋಣೆಯ ಉಸ್ತುವಾರಿ. ಟಿಕೆಟ್ಟು, ರೂಮು, ಅರ್ಧ ಫೀಸು ಮಾಲೀಕರದು. ಉಳಿದರ್ಧ ಹೋದವರೇ ಕೊನೇ ವಾರದ ಸೋಮವಾರದೊಳಗೆ ಕಟ್ಟಿ, ರಸೀದಿ ತಂದರೆ ಇಲ್ಲಿ ವಾಪಸು. ಮಾಲೀಕರು ಸೊಸೆಯನ್ನು ಆರಿಸಿದರು. ಪಕ್ಕದ ಬೆಂಚಿನವನು ವಾರವಿಡೀ ಮುಖ ಊದಿಸಿಕೊಂಡಿದ್ದ.

ಹೊರಡುವ ಮೊದಲಿನ ಭಾನುವಾರ ಊಟದ ಮೇಜಿನ ಮೇಲೆ ತಟ್ಟೆಗಳಿಗಿಂತ ಚೀಲಗಳೇ ಹೆಚ್ಚಿದ್ದವು.

"ಕಾರ್ಡು ಕೊರಳಿಗೆ ಹಾಕ್ಕೋ, ಬಟ್ಟೆ ಒಳಗೆ," ಎಂದ ಕಂಡಕ್ಟರ.

"ಅಂಗಡೀಲಿ ಎಲ್ಲರ ಮುಂದೆ ಕೊರಳೊಳಗೆ ಕೈ ಹಾಕಿ ತೆಗೀಲಾ?"

"ಅದಕ್ಕೇ ದಿನದ ಖರ್ಚಿನ ದುಡ್ಡು ಬೇರೆ ಇಡು ಅಂದದ್ದು. ನಾನು ದಿನಾ ನೋಡ್ತೀನಿ. ಕಳ್ಳ ನಿನ್ನ ಜೇಬು ನೋಡಲ್ಲ, ನಿನ್ನ ಕೈ ಎಲ್ಲಿಗೆ ಹೋಗತ್ತೆ ಅಂತ ನೋಡ್ತಾನೆ. ರಶ್ಶಿನ ಬಸ್ಸಲ್ಲಿ ಯಾರೋ ಒಬ್ಬ 'ಜೇಬು ಜೋಪಾನ' ಅಂತಾನೆ. ಎಲ್ಲರೂ ದುಡ್ಡಿರೋ ಜಾಗ ಮುಟ್ಟಿ ನೋಡ್ಕೋತಾರೆ. ಹಾಗಂದವನೇ ಕಳ್ಳ."

"ನಿಮ್ಮ ಬಸ್ಸಲ್ಲಿ 'ಜೇಬು ಜೋಪಾನ' ಅಂತ ಬೋರ್ಡೇ ಹಾಕಿದಾರಲ್ಲ," ಎಂದಳು ಅಜ್ಜಿ.

ಹದಿನೇಳು ವರ್ಷದ ಮೊಮ್ಮಗಳು ಫೋನು ನೋಡಿ ಒಂದೊಂದೇ ಓದುತ್ತಿದ್ದಳು. "ಅಮ್ಮಾ, ಬೀದಿಗೋಡೇಲಿರೋ ಮೆಷಿನ್ ಬೇಡ, ಬ್ಯಾಂಕಿನ ಒಳಗಿರೋದ್ರಲ್ಲೇ ತೆಗಿ. ಒತ್ತುವಾಗ ಇನ್ನೊಂದು ಕೈ ಅಡ್ಡ ಹಿಡಿ. 'ನಿಮ್ಮ ದೇಶದ ದುಡ್ಡಿನ ಲೆಕ್ಕದಲ್ಲಿ ಹಿಡೀಲಾ' ಅಂತ ಕೇಳತ್ತಂತೆ, ಬೇಡ ಅನ್ನು, ಅವರು ಜಾಸ್ತಿ ಮುರ್ಕೋತಾರೆ. ಆಮೇಲೆ... ಹೋಗೋ ಮುಂಚೆ ಬ್ಯಾಂಕಿಗೆ ತಿಳಿಸ್ಬೇಕಂತೆ, ಯಾವ ದೇಶ, ಎಷ್ಟು ದಿನ ಅಂತ."

"ಅದೊಂದು ಬೇಡ," ಎಂದ ಕಂಡಕ್ಟರ. "ಬ್ಯಾಂಕಲ್ಲಿ ಹತ್ತು ಜನ ಕೂತಿರ್ತಾರೆ. ಒಂಟಿ ಹೆಂಗಸು ದುಡ್ಡಿಟ್ಕೊಂಡು ಹೋಗಿದಾಳೆ, ಮನೇಲಿ ಹಗಲೆಲ್ಲ ಮುದುಕಿ ಒಬ್ಬಳೇ ಅಂತ ಊರಿಗೇ ಸಾರಿದ ಹಾಗೆ."

"ಮುದುಕಿ ಅಂದ್ರೆ ಯಾರೋ?"

"ಸುಮ್ನಿರಮ್ಮ."

ಸೊಸೆಯ ಫೋನ್ ನಂಬರು ಇಲ್ಲೇ ಉಳಿಯಬೇಕೆಂದೂ ತೀರ್ಮಾನವಾಯಿತು. ಹೊರದೇಶದಲ್ಲಿ ಅದಕ್ಕೆ ಬಂದ ಒಂದೊಂದು ಕರೆಗೂ ದುಡ್ಡು ಹೋಗುತ್ತದೆ. ಅಲ್ಲಿಗೆ ಅಲ್ಲಿನದೇ ಸಿಮ್ಮು. ಇಲ್ಲಿಯ ಸಿಮ್ಮನ್ನು ಹಳೇ ಫೋನಿಗೆ ಹಾಕಿ ಅಜ್ಜಿಯ ಕೈಗೆ ಕೊಟ್ಟರು, ಹಗಲು ಮನೆಯಲ್ಲಿರುವವಳು ಅವಳೊಬ್ಬಳೇ ಎಂದು. ಕಂಡಕ್ಟರ ತಾಯಿಯನ್ನು ಎದುರಿಗೆ ಕೂರಿಸಿಕೊಂಡು ಪಾಠ ಹೇಳಿದ.

"ಬ್ಯಾಂಕಿಂದ ಅಂತ ಯಾರೇ ಫೋನ್ ಮಾಡ್ಲಿ, ಕಳ್ಳರು. ಎಷ್ಟು ಮರ್ಯಾದೆಯಿಂದ ಮಾತಾಡ್ತಾರೋ ಅಷ್ಟು ದೊಡ್ಡ ಕಳ್ಳರು. ಒಂದು ಅಂಕಿನೂ ಹೇಳ್ಬೇಡ. ಸೊಸೆ ಊರಲ್ಲಿಲ್ಲ ಅನ್ನೋದಂತೂ ಬಾಯಿ ಬಿಡ್ಲೇಬೇಡ."

"ಎಲ್ಲಿ ಅಂತ ಕೇಳಿದ್ರೆ?"

"ಒಳಗಿದಾಳೆ ಅನ್ನು."

ಅಜ್ಜಿ ತಲೆಯಾಡಿಸಿದಳು. ಅವಳಿಗೆ ಒಂದು ಕೆಲಸ ವಹಿಸಿದರೆ ಅರ್ಧಂಬರ್ಧ ಮಾಡಿ ಗೊತ್ತಿರಲಿಲ್ಲ.

ಸೊಸೆ ಹೋದ ಮೇಲೆ ಮನೆ ತಾನೇ ತಾನಾಗಿ ಒಂದು ಹದಕ್ಕೆ ಬಂತು. ಕಂಡಕ್ಟರ ಬೆಳಗಿನ ಪಾಳಿಗೆ ಹೋಗುವ ಮೊದಲು ಅನ್ನಕ್ಕಿಡುತ್ತಿದ್ದ. ಒಂದು ದಿನ ಮುದ್ದೆಯಾದರೆ ಮರುದಿನ ಕಾಳು ಕಾಳಾಗಿರುತ್ತಿತ್ತು. ಅಜ್ಜಿ ಪಲ್ಯ, ಮೊಮ್ಮಗಳು ಪಾತ್ರೆ. ಬಟ್ಟೆ ಒಣಹಾಕುವುದು ಯಾರದು ಎಂದು ಇತ್ಯರ್ಥವಾಗದೆ ಎರಡು ಸಲ ಬಕೆಟ್ಟಿನಲ್ಲೇ ಮುಗ್ಗಲು ಹಿಡಿಯಿತು.

ಸಂಜೆ ಊಟದ ಮೊದಲು ಫೋನು. ಸೊಸೆ ಇರುವ ಕಡೆ ಗಡಿಯಾರ ಮೂರು ಗಂಟೆ ಮುಂದೆ. ಅವಳು ಕಣ್ಣುಜ್ಜಿಕೊಳ್ಳುತ್ತ ತೆರೆಯ ಮೇಲೆ ಬರುತ್ತಿದ್ದಳು.

"ಇವತ್ತು ಎಷ್ಟಾಯ್ತು?" ಕಂಡಕ್ಟರನ ಮೊದಲ ಮಾತು.

"ಬ್ರೆಡ್ಡು, ಮೊಟ್ಟೆ, ಟ್ರೇನ್ ಪಾಸು. ಒಂದು ಕಾಫಿ."

"ಕಾಫಿಗೆ ಅಷ್ಟಾ?"

"ಕಾಫಿಗೆ ಅಷ್ಟಿಲ್ಲ ರೀ. ಕೂತ್ಕೊಂಡು ಕುಡಿದದ್ದಕ್ಕೆ."

"ನಿಂತ್ಕೊಂಡು ಕುಡಿ."

"ಅಮ್ಮಾ, ಮೆಷಿನ್ ಹೇಗಿದೆ?" ಮೊಮ್ಮಗಳು ನಡುವೆ ತಲೆ ತೂರಿಸುತ್ತಿದ್ದಳು.

ಆಗ ಸೊಸೆಯ ಮುಖ ಬದಲಾಗುತ್ತಿತ್ತು. ಒಂದು ಹಲ್ಲು ಹನ್ನೊಂದು ನಿಮಿಷಕ್ಕೆ ಆಗುತ್ತದೆ, ಆದರೆ ಕಚ್ಚುವ ಜಾಗ ಅದಕ್ಕೆ ತಿಳಿಯುವುದಿಲ್ಲ, ಕೈಯಲ್ಲಿ ಮೇಣ ತಿದ್ದಿದವರಿಗೇ ತಿಳಿಯುವುದು, ಹೇಳಿಕೊಡುವ ಮೇಷ್ಟ್ರು ತನ್ನ ಕೆಲಸವನ್ನು ಬೇರೆಯವರಿಗೆ ಎತ್ತಿ ತೋರಿಸಿದರು ಎಂದೆಲ್ಲ ಹೇಳುತ್ತಿದ್ದಳು. ಕಂಡಕ್ಟರ ಕೇಳಿಸಿಕೊಂಡು, "ಕಾರ್ಡು ಕೊರಳಲ್ಲೇ ಇದೆ ತಾನೆ?" ಎನ್ನುತ್ತಿದ್ದ.

ಮೂರನೇ ವಾರದ ಶುಕ್ರವಾರ ಮಧ್ಯಾಹ್ನ ಎರಡರ ಹೊತ್ತಿಗೆ ಅಜ್ಜಿ ಆಲೂಗೆಡ್ಡೆ ಹೆರೆಯುತ್ತ ಕೂತಿದ್ದಾಗ ಹಳೇ ಫೋನು ಬಡಿದುಕೊಂಡಿತು.

ಒಬ್ಬ ಹುಡುಗಿಯ ದನಿ. ಬಹಳ ಮರ್ಯಾದೆ. ಸೊಸೆಯ ಪೂರ್ತಿ ಹೆಸರು ಹೇಳಿ, "ಅವರ ಹತ್ರ ಮಾತಾಡಬಹುದಾ?" ಎಂದಿತು.

"ನೀವ್ಯಾರು?"

"ಬ್ಯಾಂಕಿನಿಂದಮ್ಮ. ಅವರ ಕಾರ್ಡಿನಲ್ಲಿ ಹೊರದೇಶದಲ್ಲಿ ಈಗ ತಾನೇ ದೊಡ್ಡ ಮೊತ್ತ ತೆಗೆದಿದ್ದಾರೆ. ಅವರೇ ತೆಗೆದದ್ದಾ ಅಂತ ಕೇಳ್ಬೇಕಿತ್ತು. ಅವರು ಪ್ರಯಾಣದಲ್ಲಿದ್ದಾರಾ?"

ಅಜ್ಜಿ ಚಾಕು ಕೆಳಗಿಟ್ಟಳು. "ಯಾವ ಪ್ರಯಾಣ? ಸೊಸೆ ಅಡುಗೆಮನೇಲಿದಾಳೆ. ಪಲ್ಯ ಮಾಡ್ತಿದಾಳೆ."

"ಈಗ ಮನೇಲೇ ಇದಾರಾ ಅಮ್ಮ?"

"ಮತ್ತಿನ್ನೆಲ್ಲಿರ್ತಾಳೆ? ಪಾತ್ರೆ ಸದ್ದು ಕೇಳ್ತಾ ಇಲ್ವಾ?" ಕೈಗೆ ಸಿಕ್ಕ ಮುಚ್ಚಳವನ್ನು ಅಜ್ಜಿ ಬಟ್ಟಲಿಗೆ ಎರಡು ಸಲ ಬಡಿದಳು. "ಅವಳು ಬರಲ್ಲ, ಕೈ ಎಣ್ಣೆ ಆಗಿದೆ. ನಿಮ್ಮಂಥೋರ ಜೊತೆ ಮಾತಾಡೋಕೆ ಅವಳಿಗೆ ಪುರಸೊತ್ತಿಲ್ಲ. ಇಷ್ಟು ಚೆನ್ನಾಗಿ ಮಾತಾಡ್ತೀಯ, ಒಂದು ಒಳ್ಳೇ ಕೆಲಸ ನೋಡ್ಕೋಬಾರದಾ ತಾಯಿ?"

ಆ ಹುಡುಗಿ ಇನ್ನೇನೋ ಹೇಳುತ್ತಿದ್ದಳು. ಅಜ್ಜಿ ಫೋನಿಟ್ಟಳು. ಎರಡನೆಯ ಸಲ ಬಡಿದುಕೊಂಡಾಗ ಎತ್ತಲೇ ಇಲ್ಲ.

ಆ ಸಂಜೆ ಸೊಸೆ ಬೇಗ ಮಲಗಿದ್ದರಿಂದ ಫೋನಿರಲಿಲ್ಲ. ಊಟಕ್ಕೆ ಕೂತಾಗ ಅಜ್ಜಿ ಮಧ್ಯಾಹ್ನದ ಕರೆಯನ್ನು ದನಿ ಬದಲಿಸಿ ಬದಲಿಸಿ ಹೇಳಿದಳು. ಮೊಮ್ಮಗಳು ನಕ್ಕೂ ನಕ್ಕೂ ನೀರು ನೆತ್ತಿಗೇರಿಸಿಕೊಂಡಳು. "ಭೇಷ್, ಅಮ್ಮ," ಎಂದ ಕಂಡಕ್ಟರ. ತಾಯಿಯ ತಟ್ಟೆಗೆ ಇನ್ನೊಂದು ಸೌಟು ಪಲ್ಯ ಬಡಿಸಿದ. "ನಮ್ಮ ಡಿಪೋದಲ್ಲಿ ಓದಿದವರೇ ಮೋಸ ಹೋಗಿದಾರೆ."

ಶನಿವಾರ ಸಂಜೆ ಸೊಸೆ ತೆರೆಯ ಮೇಲೆ ಬಂದಾಗ ಮುಖ ಬಿಳಿಚಿಕೊಂಡಿತ್ತು.

"ಕಾರ್ಡ್ ಕೆಲಸ ಮಾಡ್ತಿಲ್ಲ ರೀ. ಮೂರು ಮೆಷಿನ್ ನೋಡ್ದೆ. ಅಂಗಡೀಲೂ ತಗೊಳ್ಳಲಿಲ್ಲ."

"ಏನು ಮಾಡ್ದೆ ಅದಕ್ಕೆ?"

"ನಾನೇನು ಮಾಡ್ಲಿ? ಫೀಸು ನಗದು ಕಟ್ಟು, ಕಾರ್ಡಾದ್ರೆ ಜಾಸ್ತಿ ಹಿಡೀತಾರೆ ಅಂದ್ರಲ್ಲ ನೀವು. ಅದಕ್ಕೇ ನಿನ್ನೆ ಸಂಜೆ ಐದಕ್ಕೆ ಒಂದು ಪಾಲು ತೆಗೆದೆ, ಬಂತು. ಒಂದು ದಿನಕ್ಕೆ ಅಷ್ಟೇ ಕೊಡೋದು. ಇವತ್ತು ಇನ್ನೊಂದು ಪಾಲು ತೆಗೆಯೋಕೆ ಹೋದ್ರೆ ಇಲ್ಲ ಅನ್ನತ್ತೆ. ಇರೋದು ಮೂರರಲ್ಲೊಂದು ಪಾಲು. ಸೋಮವಾರ ಮಧ್ಯಾಹ್ನ ಮೂರರೊಳಗೆ ಕಟ್ಟದಿದ್ರೆ ಕೊನೇ ವಾರ ಮೆಷಿನ್ ಮುಟ್ಟೋ ಹಾಗಿಲ್ಲ. ಮೆಷಿನ್ ಮುಟ್ಟದೆ ಪರೀಕ್ಷೆ ಇಲ್ಲ."

"ಯಾವ ಮೆಷಿನ್ನಲ್ಲಿ ತೆಗೆದೆ?"

"ಸ್ಟೇಷನ್ ಒಳಗಿಂದು."

"ಬ್ಯಾಂಕಿನ ಒಳಗಿಂದು ಅಂತ ಹೇಳಿರಲಿಲ್ವಾ? ಯಾರಾದ್ರೂ ಹಿಂದೆ ನಿಂತಿದ್ರಾ?"

ಸೊಸೆ ತಡೆದಳು. "ಒಬ್ಬ ಇದ್ದ. ದೂರ ಇದ್ದ."

"ಎಷ್ಟು ದೂರ?"

"ಗೊತ್ತಿಲ್ಲ ರೀ. ಕೈ ಅಡ್ಡ ಹಿಡಿದಿದ್ದೆ. ಹಿಡಿದಿದ್ದೆ ಅನ್ಸತ್ತೆ."

"ಅನ್ಸತ್ತೆ." ಕಂಡಕ್ಟರ ತಟ್ಟೆ ದೂಡಿದ. "ಮೂರು ವಾರ ಒಂದು ಕಾರ್ಡ್ ಕಾಯೋಕಾಗಲಿಲ್ಲ ನಿನಗೆ. ಖಾತೇಲಿ ಏನುಳಿದಿದೆಯೋ ಏನು ಕತೆಯೋ. ಇದಕ್ಕೇ ಹೇಳಿದ್ದು ನಾನು, ಇದೆಲ್ಲ ನಿನ್ನ ಕೈಲಿ ಆಗೋದಲ್ಲ ಅಂತ."

"ನೀವು ಹಾಗೆ ಹೇಳಿರಲಿಲ್ಲ."

"ಈಗ ಹೇಳ್ತಿದೀನಿ."

ಸೊಸೆ ಪಕ್ಕಕ್ಕೆ ಸರಿದಳು. ತೆರೆಯ ಮೇಲೆ ಅವಳ ಹಿಂದಿನ ಗೋಡೆ ಮಾತ್ರ ಕಾಣುತ್ತಿತ್ತು.

ಅಜ್ಜಿ ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿದ್ದಳು. ಅಲ್ಲಿ ಐದೆಂದರೆ ಇಲ್ಲಿ ಎರಡು. ಎರಡಕ್ಕೇ ತಾನು ಆಲೂಗೆಡ್ಡೆ ಹೆರೆಯುತ್ತ ಆ ಫೋನು ಎತ್ತಿದ್ದು. ಅವಳು ಕೈ ತೊಳೆದು ಎದ್ದಳು.

"ಯಾಕಮ್ಮ, ಊಟ?"

"ಸಾಕು."

ಭಾನುವಾರ ಬೆಳಿಗ್ಗೆ ಅವಳ ಹಲ್ಲಿನ ಸಾಲು ನೀರಿನ ಬಟ್ಟಲಲ್ಲೇ ಇತ್ತು. ಚಹಾ ಕೂಡ ಬೇಡವೆಂದಳು. ಮಗನಿಗೆ ಭಾನುವಾರವೂ ಡ್ಯೂಟಿ. ಅವನು ಹೊರಗೆ ಕಾಲಿಡುವ ಮೊದಲು ಒಂದು ಸಲ, "ಮಗಾ," ಎಂದು ಕರೆದಳು. ಅವನು, "ಏನು?" ಎಂದು ಗದರಿದಾಗ, "ಛತ್ರಿ ತಗೊಂಡ್ಯಾ," ಎಂದಳು. ಹೊರಗೆ ಬಿಸಿಲು ಬಡಿಯುತ್ತಿತ್ತು.

ಹತ್ತು ಗಂಟೆಗೆ ಮೊಮ್ಮಗಳು ಅಮ್ಮ ಹೊರಡುವ ಮೊದಲು ತೆಗೆದಿಟ್ಟಿದ್ದ ಕಾರ್ಡಿನ ಫೋಟೊ ಹುಡುಕಿ, ಹಿಂದುಗಡೆ ಅಚ್ಚಾಗಿದ್ದ ಬ್ಯಾಂಕಿನ ನಂಬರು ನೋಡಿ, ಅದಕ್ಕೆ ಕರೆ ಮಾಡಲು ಹಳೇ ಫೋನು ಕೈಗೆತ್ತಿಕೊಂಡಳು. ಕರೆಗಳ ಪಟ್ಟಿಯಲ್ಲಿ ಅದೇ ನಂಬರು ಆಗಲೇ ಇತ್ತು. ಶುಕ್ರವಾರ ಎರಡು ಸಲ.

"ಅಜ್ಜಿ," ಎಂದಳು ಅವಳು ಮೆಲ್ಲಗೆ, "ಅವರು ಕಳ್ಳರಲ್ಲ."

"ಗೊತ್ತು."

"ನಿನಗೆ ಯಾವಾಗ ಗೊತ್ತಾಯ್ತು?"

"ನಿನ್ನೆ. ಅನ್ನ ಕಲಸುವಾಗ." ಹಲ್ಲಿಲ್ಲದ ಬಾಯಿಯಲ್ಲಿ ಮಾತು ಗಾಳಿಯಾಗಿ ಹೊರಟಿತು. "ಸೊಸೆ ಮನೇಲಿದಾಳೆ ಅಂದೆ ನಾನು. ಮನೇಲಿದ್ರೆ ಅಲ್ಲಿ ತೆಗೆದೋರು ಕಳ್ಳರು ಅಂತ ತಾನೆ? ಬೀಗ ಹಾಕಿದ್ರು. ಅವರ ತಪ್ಪೇನಿದೆ."

"ಅಪ್ಪ ಅಮ್ಮನಿಗೆ ಬೈತಾ ಇದ್ರಲ್ಲ. ಆಗಲೇ ಹೇಳ್ಬಾರದಿತ್ತಾ?"

ಅಜ್ಜಿ ಕಿಟಕಿಯ ಕಡೆ ನೋಡಿದಳು. "ಹೆದರಿಕೆ ಆಯ್ತು ಕಣೇ. ಮುಂಚಿನ ದಿನ ತಾನೇ ಭೇಷ್ ಅಂದಿದ್ದ."

ಬ್ಯಾಂಕಿನ ಫೋನಿನಲ್ಲಿ ಅರ್ಧ ಗಂಟೆ ಹಾಡು ಕೇಳಿದ ಮೇಲೆ ಒಬ್ಬರು ಸಿಕ್ಕರು. ದುಡ್ಡೆಲ್ಲ ಖಾತೆಯಲ್ಲೇ ಇದೆ. ಆದರೆ ಖಾತೆಯವರೇ ಈ ನಂಬರಿನಿಂದ ಮಾತಾಡಿ ಒಪ್ಪಿಸಬೇಕು; ಇಲ್ಲದಿದ್ದರೆ ನಾಳೆ ಹತ್ತಕ್ಕೆ ಶಾಖೆ ತೆರೆದ ಮೇಲೆ ಮನೆಯವರು ಹೋಗಿ, ಅಲ್ಲಿಂದ ವಿಡಿಯೊದಲ್ಲಿ ಅವರ ಮುಖ ತೋರಿಸಬೇಕು.

ಮಧ್ಯಾಹ್ನ ಕಂಡಕ್ಟರ ಊಟಕ್ಕೆ ಬಂದಾಗ ಅಜ್ಜಿ ಹಲ್ಲು ಹಾಕಿಕೊಂಡು ಮೇಜಿನ ಹತ್ತಿರ ನಿಂತಿದ್ದಳು. ಕೂರಲಿಲ್ಲ. ಎಲ್ಲವನ್ನೂ ಮೊದಲಿನಿಂದ ಹೇಳಿದಳು, ಮುಚ್ಚಳ ಬಡಿದದ್ದನ್ನೂ ಬಿಡದೆ. ಈ ಸಲ ದನಿ ಬದಲಿಸಲಿಲ್ಲ.

ಕಂಡಕ್ಟರ ಕೇಳಿ ಮುಗಿಸಿ, "ನಿನಗೆ ಬುದ್ಧಿ ಇದೆಯೇನಮ್ಮ?" ಎಂದ. "ಅಡುಗೆಮನೇಲಿದಾಳೆ ಅಂತ ಯಾರು ಹೇಳು ಅಂದಿದ್ರು?"

"ಒಳಗಿದಾಳೆ ಅನ್ನು ಅಂದೆ ನೀನು. ನಮ್ಮನೇಲಿ ಒಳಗೆ ಅಂದ್ರೆ ಇನ್ನೆಲ್ಲಿ?"

ಅವನು ಟೋಪಿ ತೆಗೆದು ಮೇಜಿನ ಮೇಲಿಟ್ಟ. "ಆಯ್ತು. ಪುಟ್ಟಿ, ನಿನ್ನ ದನಿ ನಿಮ್ಮಮ್ಮನ ಹಾಗೇ ಇದೆ. ಫೋನ್ ಮಾಡಿ ನಾನೇ ಅವಳು ಅನ್ನು. ಹುಟ್ಟಿದ ತಾರೀಕು ಕೇಳ್ತಾರೆ, ನಾನು ಪಕ್ಕದಲ್ಲಿರ್ತೀನಿ," ಎಂದ.

"ಬೇಡ," ಎಂದಳು ಅಜ್ಜಿ.

"ಎರಡು ನಿಮಿಷದ ಕೆಲಸ ಅಮ್ಮ."

"ನಾನು ಹೇಳಿದ್ದೂ ಎರಡು ನಿಮಿಷದ ಸುಳ್ಳೇ. ಮೊಮ್ಮಗಳ ಬಾಯಲ್ಲಿ ಇನ್ನೊಂದು ಹೇಳಿಸ್ಬೇಡ. ನಾಳೆ ಬ್ಯಾಂಕಿಗೆ ನಾನು ಹೋಗ್ತೀನಿ. ಈಗ ಅವಳಿಗೆ ಫೋನ್ ಹಚ್ಚು. ನಾನೇ ಹೇಳ್ಬೇಕು."

ಸೊಸೆ ಎತ್ತಿದಳು. ಅಜ್ಜಿ ತೆರೆಗೆ ತೀರ ಹತ್ತಿರ ಮುಖ ಹಿಡಿದದ್ದರಿಂದ ಅವಳಿಗೆ ಅತ್ತೆಯ ಮೂಗು ಮಾತ್ರ ಕಂಡಿರಬೇಕು.

"ನೀನು ಏನೂ ಕಳ್ಕೊಂಡಿಲ್ಲ ಮಗಳೇ. ನಾನು ಮಾಡಿದ್ದು." ಮತ್ತೆ ಎಲ್ಲ ಹೇಳಿದಳು.

"ಪಲ್ಯ ಮಾಡ್ತಿದಾಳೆ ಅಂದ್ರಾ ಅತ್ತೆ?" ಎಂದಳು ಸೊಸೆ.

"ಅಂದೆ. ಕೈ ಎಣ್ಣೆ ಆಗಿದೆ ಅಂತಲೂ ಅಂದೆ."

ಸೊಸೆ ನಗಲು ಹೋದಳು. ನಗು ಅರ್ಧಕ್ಕೇ ಅಳುವಾಯಿತು. "ನಾನು ನಿನ್ನೆಯಿಂದ ಆ ಸ್ಟೇಷನ್ನಿಗೆ ಮೂರು ಸಲ ಹೋಗಿ ಬಂದೆ ಅತ್ತೆ. ಅವನು ಎಲ್ಲಿ ನಿಂತಿದ್ದ, ನಾನು ಕೈ ಹೇಗೆ ಹಿಡಿದಿದ್ದೆ ಅಂತ. ನನಗೇ ನನ್ನ ಮೇಲೆ ನಂಬಿಕೆ ಹೋಗಿತ್ತು."

ಕಂಡಕ್ಟರ ಫೋನು ತೆಗೆದುಕೊಂಡ. "ಸರಿ ಬಿಡು. ಆದದ್ದಾಯ್ತು. ನಾಳೆ ತೆರೆಸ್ತೀವಿ."

"ಒಂದು ಮಾತು ಕೇಳ್ಲಾ?" ಎಂದಳು ಸೊಸೆ. ಅಳು ನಿಂತಿತ್ತು. "ನಿಮ್ಮ ಚೀಲದಲ್ಲಿ ಕಲೆಕ್ಷನ್ ಲೆಕ್ಕಕ್ಕಿಂತ ಕಮ್ಮಿ ಬಂದ ದಿನ ಕೈಯಿಂದ ದುಡ್ಡು ಹಾಕಿ ಬರ್ತೀರಲ್ಲ. ಎಷ್ಟು ಸಲ ಬಂದಿದೆ ಹಾಗೆ?"

"ಯಾಕೀಗ?"

"ಯಾರಿಗೆ ಜಾಸ್ತಿ ಚಿಲ್ಲರೆ ಕೊಟ್ರಿ, ಎಲ್ಲಿ ನೋಡ್ತಾ ಇದ್ರಿ ಅಂತ ನಾನು ಒಂದು ದಿನವಾದ್ರೂ ಕೇಳಿದೀನಾ?"

ಕಂಡಕ್ಟರ ಮಗಳ ಕಡೆ ನೋಡಿದ. ಮಗಳು ನೆಲ ನೋಡುತ್ತಿದ್ದಳು.

"ಇಲ್ಲ," ಎಂದ.

"ಇಡ್ತೀನಿ. ಬಟ್ಟೆ ಒಗೆಯೋದಿದೆ," ಎಂದಳು ಸೊಸೆ.

ಸೋಮವಾರ ಬ್ಯಾಂಕಿನ ಕದ ತೆರೆಯುವ ಹೊತ್ತಿಗೆ ಅಜ್ಜಿ, ಮೊಮ್ಮಗಳು ಮೆಟ್ಟಿಲ ಮೇಲಿದ್ದರು. ಇಲ್ಲಿ ಹತ್ತು, ಅಲ್ಲಿ ಒಂದು. ಟೋಕನ್ನು ಹದಿನಾಲ್ಕು. ಹನ್ನೊಂದಾದರೂ ಒಂಬತ್ತನೆಯವರೇ ಕೌಂಟರಿನ ಮುಂದೆ ಕೂತು ಕಳೆದುಹೋದ ಪಾಸ್‌ಬುಕ್ಕಿನ ಕತೆ ಹೇಳುತ್ತಿದ್ದರು. ಸೊಸೆ ಫೀಸಿನ ಕೌಂಟರಿನ ಮುಂದೆ ಕಾಯುತ್ತಿರುವುದಾಗಿ ಎರಡು ಸಲ ಮೆಸೇಜು ಕಳಿಸಿದ್ದಳು. ಅಜ್ಜಿ ಎದ್ದು, ಸಾಲು ದಾಟಿ, ಒಳಗಿನ ಮೇಜಿನಲ್ಲಿ ಕನ್ನಡಕ ಹಾಕಿಕೊಂಡು ಕೂತಿದ್ದ ಅಧಿಕಾರಿಯ ಮುಂದೆ ನಿಂತಳು.

"ಟೋಕನ್ ಪ್ರಕಾರ ಬನ್ನಿ ಅಜ್ಜಿ," ಎಂದಳು ಅಧಿಕಾರಿ.

"ನಾನು ದುಡ್ಡಿಗೆ ಬಂದಿಲ್ಲಮ್ಮ. ಶುಕ್ರವಾರ ನಿಮಗೆ ಒಂದು ಸುಳ್ಳು ಹೇಳಿದ್ದೆ. ಅದನ್ನ ವಾಪಸು ತಗೊಳ್ಳೋಕೆ ಬಂದಿದೀನಿ."

ಅಧಿಕಾರಿ ಪೆನ್ನು ಕೆಳಗಿಟ್ಟಳು. ಸಾಲಿನಲ್ಲಿದ್ದವರೂ ಇತ್ತ ತಿರುಗಿದರು. ಅಜ್ಜಿ ನಾಲ್ಕನೆಯ ಸಲ ಅದೇ ಕತೆ ಹೇಳಿದಳು. ಮುಗಿಯುವ ಹೊತ್ತಿಗೆ ಅಧಿಕಾರಿ ಕಂಪ್ಯೂಟರಿನಲ್ಲಿ ಖಾತೆ ತೆರೆದು ಓದುತ್ತಿದ್ದಳು. "ಇಲ್ಲಿ ಬರೆದಿದಾರೆ. 'ಗ್ರಾಹಕರು ಅಡುಗೆ ಮಾಡುತ್ತಿದ್ದಾರೆ, ಪಾತ್ರೆ ಸದ್ದು ಕೇಳಿಸಿತು.'" ಅವಳು ನಗು ತಡೆದುಕೊಂಡಳು. "ಬೇರೆ ಕೆಲಸ ನೋಡ್ಕೋ ಅಂದ್ರಂತೆ."

"ಅಂದೆ. ಆ ಹುಡುಗಿಗೆ ತಪ್ಪಾಯ್ತು ಅಂತ ಹೇಳಿಬಿಡಿ."

ವಿಡಿಯೊದಲ್ಲಿ ಸೊಸೆ ಬಂದಳು. ಪಾಸ್‌ಪೋರ್ಟು ಮುಖದ ಪಕ್ಕ ಹಿಡಿದಳು. ಕೇಳಿದ ನಾಲ್ಕು ಪ್ರಶ್ನೆಗೂ ಉತ್ತರ ಹೇಳಿದಳು. ಅಧಿಕಾರಿ ಎಲ್ಲೆಲ್ಲೋ ಒತ್ತಿದಳು, ಮೇಲಿನವರಿಗೆ ಫೋನು ಮಾಡಿದಳು, ಕಾದಳು. ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ, "ಈಗ ಹಾಕಿ ನೋಡಿ," ಎಂದಳು. ಫೋನಿನಾಚೆ ಯಾರೋ ಪರಭಾಷೆಯಲ್ಲಿ ಏನೋ ಅಂದರು, ಒಂದು ಯಂತ್ರ ಕಿರುಗುಟ್ಟಿತು, ಸೊಸೆ ಉದ್ದನೆಯ ರಸೀದಿಯನ್ನು ತೆರೆಯ ಮುಂದೆ ಹಿಡಿದಳು. ಅಜ್ಜಿಗೆ ಅದರಲ್ಲಿ ಒಂದಕ್ಷರವೂ ತಿಳಿಯಲಿಲ್ಲ.

"ಕಟ್ಟಿದ್ಯಾ?"

"ಕಟ್ಟಿದೆ ಅತ್ತೆ. ಕ್ಲಾಸಿಗೆ ಓಡ್ತೀನಿ."

ಬೀದಿಗೆ ಬಂದ ಮೇಲೆ ಅಜ್ಜಿ, "ಹಸಿವಾಗ್ತಿದೆ ಕಣೇ," ಎಂದಳು. ಇಬ್ಬರೂ ಮೂಲೆಯ ಅಂಗಡಿಯಲ್ಲಿ ನಿಂತು ಎರಡೆರಡು ಬನ್ನು ತಿಂದರು. ನಿಲ್ದಾಣದಲ್ಲಿ ನಿಂತಿದ್ದ ಬಸ್ಸಿನಿಂದ ಕಂಡಕ್ಟರ ಕತ್ತು ಹೊರಗೆ ಹಾಕಿ, ಹುಬ್ಬಿನಲ್ಲೇ ಕೇಳಿದ. ಮಗಳು ಹೆಬ್ಬೆರಳೆತ್ತಿದಳು. ಅವನು ಸೀಟಿ ಊದುವುದನ್ನು ಮರೆತು ನಿಂತಿದ್ದ; ಡ್ರೈವರು ಹಾರ್ನು ಹೊಡೆದ ಮೇಲೆ ಊದಿದ.

ಸೊಸೆ ಸರ್ಟಿಫಿಕೇಟು ತಂದಳು. ಯಂತ್ರದ ಕೋಣೆ ಅವಳದಾಯಿತು. ಮನೆಯಲ್ಲಿ ಆ ಶನಿವಾರದ ಮಾತನ್ನು ಯಾರೂ ಎತ್ತಲಿಲ್ಲ. ಕಂಡಕ್ಟರ ಎರಡು ಸಲ ಎತ್ತಲು ಹೋಗಿ, ಒಮ್ಮೆ ಉಪ್ಪು ಕೇಳಿದ, ಒಮ್ಮೆ ಎದ್ದು ಫ್ಯಾನು ಹಾಕಿದ.

ಮುಂದಿನ ಸಂಬಳಕ್ಕೆ ವಾರವಿರುವಾಗ ಸೊಸೆ ಬೆಳಗಿನ ಚಹಾ ಕೊಡುತ್ತ, "ನನ್ನದೇ ಒಂದು ಬೇರೆ ಖಾತೆ ತೆಗೀತೀನಿ. ಮನೆ ಖರ್ಚಿನ ಪಾಲು ಅಲ್ಲಿಂದ ಈ ಖಾತೆಗೆ ಹಾಕ್ತೀನಿ. ಹೊಸ ಕಾರ್ಡು ನನ್ನ ಹತ್ರ ಇರತ್ತೆ," ಎಂದಳು. ಕೇಳಿದ್ದಲ್ಲ, ಹೇಳಿದ್ದು. ಕಂಡಕ್ಟರ ಚಹಾ ಮುಗಿಯುವವರೆಗೆ ಲೋಟವನ್ನೇ ನೋಡುತ್ತಿದ್ದ. ಆಮೇಲೆ, "ನಾಳೆ ನನಗೆ ಎರಡನೇ ಪಾಳಿ. ಬರ್ತೀನಿ ಜೊತೆಗೆ," ಎಂದ.

ಅದೇ ಕನ್ನಡಕದ ಅಧಿಕಾರಿ ಫಾರಂ ಕೊಟ್ಟಳು. ಸೊಸೆ ಬೆಂಚಿನ ಮೇಲೆ ಕೂತು ತುಂಬತೊಡಗಿದಳು. ಕಂಡಕ್ಟರ ಪಕ್ಕದಲ್ಲಿ ಕೂತು ಓದುತ್ತಿದ್ದ. ಕೊನೆಯಲ್ಲಿ ಒಂದು ಸಾಲಿತ್ತು: ನೀವು ಸಿಗದಿದ್ದಾಗ ಯಾರನ್ನು ಸಂಪರ್ಕಿಸಬೇಕು? ಸೊಸೆ ಅತ್ತೆಯ ಹೆಸರು ಬರೆದಳು.

"ಅಮ್ಮನ್ನ ಬರೆದೆಯಾ?" ಎಂದ ಕಂಡಕ್ಟರ. "ಅಷ್ಟೆಲ್ಲ ಆದ ಮೇಲೆ?"

"ಅವರ ಕೈಲಿ ತಪ್ಪಾದ್ರೆ ಅವರೇ ಬಂದು ಹೇಳ್ತಾರೆ," ಎಂದಳು ಸೊಸೆ.

ಸೊಸೆ ಹೆಸರಿನ ಮುಂದೆ ಹಳೇ ಫೋನಿಗೆ ಅತ್ತೆಗೆಂದು ಹಾಕಿಸಿದ್ದ ಹೊಸ ನಂಬರು ಬರೆಯುತ್ತ ಹೋಗಿ, ಕೊನೆಯ ಎರಡು ಅಂಕಿ ನೆನಪಾಗದೆ ಪೆನ್ನು ಹಿಡಿದು ಯೋಚಿಸುತ್ತ ಕೂತಳು. ಕಂಡಕ್ಟರ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಅವಳ ಕಿವಿಯ ಹತ್ತಿರ ಬಗ್ಗಿ, ಬೇರೆ ಯಾರಿಗೂ ಕೇಳಿಸದ ಹಾಗೆ, ಆ ಎರಡು ಅಂಕಿ ಹೇಳಿಕೊಟ್ಟ.